ಗೆದ್ದ ಪಕ್ಷದವರಿಗೇ ಸರ್ಕಾರಿ ಕೆಲಸ: ಅಮೆರಿಕ ಈ ಪದ್ಧತಿ ಬಿಟ್ಟಿದ್ದು ಹೇಗೆ?

ಓದುವ ಹುಡುಗಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಎಂ.ಎ. ಇತಿಹಾಸ ಓದುತ್ತಿದ್ದೇನೆ. ಒಂದು ವಿಷಯ ತಲೆಗೆ ಹೋಗುತ್ತಿಲ್ಲ. 1880ರ ದಶಕದ ಅಮೆರಿಕದಲ್ಲಿ ರಿಪಬ್ಲಿಕನ್, ಡೆಮಾಕ್ರಾಟ್ ಎರಡೂ ಪಕ್ಷಗಳ ಬಲ ಹೆಚ್ಚುಕಡಿಮೆ ಸಮ. 1880ರ ಅಧ್ಯಕ್ಷ ಚುನಾವಣೆಯಲ್ಲಿ ಸುಮಾರು 90 ಲಕ್ಷ ಮತ ಬಿದ್ದರೂ ಗೆದ್ದ ರಿಪಬ್ಲಿಕನ್ ಗಾರ್ಫೀಲ್ಡ್‌ಗೆ ಸಿಕ್ಕ ಮುನ್ನಡೆ 10,000ಕ್ಕಿಂತ ಕಡಿಮೆ. ಗೆದ್ದವರು ಪೋಸ್ಟ್ ಮಾಸ್ಟರ್‌ನಿಂದ ಹಿಡಿದು ಕಸ್ಟಮ್ಸ್ ಗುಮಾಸ್ತನವರೆಗೆ ಎಲ್ಲಾ ಕೆಲಸ ತಮ್ಮವರಿಗೇ ಕೊಡುತ್ತಿದ್ದರು. ಹಾಗಿದ್ದವರು 1883ರಲ್ಲಿ ಪೆಂಡಲ್‌ಟನ್ ಕಾಯ್ದೆ ತಂದು, ಪರೀಕ್ಷೆ ನಡೆಸಿ ನೇಮಕ ಮಾಡೋಣ ಅಂತ ಯಾಕೆ ಒಪ್ಪಿದರು? ಒಂದೊಂದು ಮತಕ್ಕೂ ಒದ್ದಾಡುವಾಗ ಕೆಲಸ ಹಂಚುವ ಅಧಿಕಾರ ಇನ್ನೂ ಜಾಸ್ತಿ ಬೇಕಲ್ವಾ?

ದಾವಣಗೆರೆ ಮೇಷ್ಟ್ರು

ಗಾರ್ಫೀಲ್ಡ್ ಕೊಲೆಯೇ ಕಾರಣ. ಚಾರ್ಲ್ಸ್ ಗಿಟೋ ಎಂಬಾತ ಚುನಾವಣೆಯಲ್ಲಿ ತಾನು ಪಕ್ಷಕ್ಕೆ ದುಡಿದಿದ್ದೇನೆ, ಪ್ಯಾರಿಸ್‌ನಲ್ಲಿ ಕಾನ್ಸಲ್ ಹುದ್ದೆ ಕೊಡಿ ಎಂದು ಕಚೇರಿ ಕಚೇರಿ ಅಲೆದ. ಸಿಗಲಿಲ್ಲ. 1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಧ್ಯಕ್ಷರಿಗೆ ಗುಂಡು ಹೊಡೆದ. ಸೆಪ್ಟೆಂಬರ್ 19ಕ್ಕೆ ಅವರು ತೀರಿಕೊಂಡರು. ಜನ ರೊಚ್ಚಿಗೆದ್ದರು, ಕಾಯ್ದೆ ಬಂತು.

ಹಳೇ ಸಾರ್ಟರ್, ಬೀರೂರು

ಮೇಷ್ಟ್ರು ಹೇಳಿದ್ದು ಸರಿ. ಆದರೆ ತಾರೀಖು ನೋಡಮ್ಮ. ಅಧ್ಯಕ್ಷರು ಸತ್ತಿದ್ದು 1881ರ ಸೆಪ್ಟೆಂಬರ್. ಕಾಯ್ದೆಗೆ ಸಹಿ ಬಿದ್ದಿದ್ದು 1883ರ ಜನವರಿ 16. ಒಂದು ವರ್ಷ ದಾಟಿದರೂ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಅಲುಗಾಡಿರಲಿಲ್ಲ. ಮಧ್ಯೆ ಏನಾಯಿತು? 1882ರ ನವೆಂಬರ್ ಚುನಾವಣೆಯಲ್ಲಿ ರಿಪಬ್ಲಿಕನ್ನರು ಕೆಳಮನೆಯಲ್ಲಿ ಮಣ್ಣು ಮುಕ್ಕಿದರು. ಇನ್ನೆರಡು ವರ್ಷಕ್ಕೆ ಶ್ವೇತಭವನವೂ ಕೈ ತಪ್ಪುತ್ತದೆ ಅನ್ನುವ ಭಯ ಶುರುವಾಯಿತು. ಹೊಸ ಸದಸ್ಯರು ಬಂದು ಕೂರುವ ಮೊದಲೇ, ಡಿಸೆಂಬರ್‌ನಲ್ಲಿ ಮೇಲ್ಮನೆಯಾದ ಸೆನೆಟ್ 38-5 ಮತದಿಂದ ಮಸೂದೆ ಪಾಸ್ ಮಾಡಿತು. ಈಗ ಕುರ್ಚಿಯಲ್ಲಿರುವ ತಮ್ಮವರನ್ನು ಮುಂದೆ ಬರುವವರು ಕಿತ್ತುಹಾಕದ ಹಾಗೆ ಬೇಲಿ ಹಾಕಿಕೊಂಡರು. ಜಾರ್ಜಿಯಾದ ಡೆಮಾಕ್ರಾಟ್ ಸೆನೆಟರ್ ಜೋಸೆಫ್ ಬ್ರೌನ್ ಇದನ್ನು ಮುಖಕ್ಕೇ ಹೇಳಿದ. ರಿಪಬ್ಲಿಕನ್ನರನ್ನು ಹುದ್ದೆಯಲ್ಲೇ ಉಳಿಸುವ ಮಸೂದೆ ಅಂತ ಇದರ ಹೆಸರು ಬದಲಿಸಿ ಎಂದ.

ಮೊದಲಿಗೆ ಈ ಕಾಯ್ದೆಯೊಳಗೆ ಬಂದಿದ್ದು ಕೇಂದ್ರ ಸರ್ಕಾರದ ಹತ್ತರಲ್ಲಿ ಒಂದು ಪಾಲು ಕೆಲಸ, ಅಷ್ಟೇ. ಉಳಿದದ್ದನ್ನು ಬೇಕೆಂದಾಗ ಸೇರಿಸುವ ಅಧಿಕಾರ ಅಧ್ಯಕ್ಷರ ಕೈಲಿತ್ತು. ಮಜಾ ಇರುವುದೇ ಅಲ್ಲಿ. 1884, 1888, 1892, 1896, ನಾಲ್ಕೂ ಸಲ ಪಕ್ಷ ಬದಲಾಯಿತು. 1884ರಲ್ಲಂತೂ ನ್ಯೂಯಾರ್ಕ್ ರಾಜ್ಯದಲ್ಲಿ 11 ಲಕ್ಷಕ್ಕೂ ಜಾಸ್ತಿ ಮತ ಬಿದ್ದು, ಡೆಮಾಕ್ರಾಟ್ ಕ್ಲೀವ್‌ಲ್ಯಾಂಡ್ ಗೆದ್ದಿದ್ದು ಸಾವಿರ ಚಿಲ್ಲರೆ ಮತದಿಂದ. ಆ ರಾಜ್ಯ ಹೋಗಿದ್ದರೆ ದೇಶವೇ ಹೋಗುತ್ತಿತ್ತು. ಸೋತು ಮನೆಗೆ ಹೊರಟವರು ಹೋಗುವ ಮುಂಚೆ ಇನ್ನಷ್ಟು ಕೆಲಸಗಳನ್ನು ಕಾಯ್ದೆಯ ಒಳಗೆ ತಂದು ಹೋದರು.

ನಾನು ನಮ್ಮ ಅಂಚೆ ಇಲಾಖೆಯ ರೈಲ್ವೆ ಮೇಲ್ ಸರ್ವೀಸ್‌ನಲ್ಲಿ (ಆರ್‌ಎಂಎಸ್) ಟಪಾಲು ವಿಂಗಡಿಸಿದವನು. ಅದಕ್ಕೇ ಇದರಲ್ಲಿ ಒಂದು ಸಂಗತಿ ನನಗೆ ಬಹಳ ತಾಗುತ್ತದೆ. ಅವರಲ್ಲೂ ರೈಲ್ವೆ ಮೇಲ್ ಸರ್ವೀಸ್ ಇತ್ತು. 1888ರಲ್ಲಿ ಸೋತ ಕ್ಲೀವ್‌ಲ್ಯಾಂಡ್, 1889ರ ಜನವರಿಯಲ್ಲಿ ಆ ಗುಮಾಸ್ತರನ್ನೆಲ್ಲ ಕಾಯ್ದೆಗೆ ಸೇರಿಸಿದರು. ಹೊಸದಾಗಿ ಬಂದ ರಿಪಬ್ಲಿಕನ್ ಅಧ್ಯಕ್ಷ ಹ್ಯಾರಿಸನ್ ಜಾರಿಯ ದಿನವನ್ನು ಮೇ 1ಕ್ಕೆ ಮುಂದೂಡಿದರು. ಆ ಸಂದಿನಲ್ಲಿ ಅನುಭವಸ್ಥರನ್ನು ಕಿತ್ತು ತಮ್ಮ ಪಕ್ಷದವರನ್ನು ತುಂಬಿದರು.

ಓಡುವ ಗಾಡಿಯಲ್ಲಿ ನಿಂತು ಟಪಾಲು ವಿಂಗಡಿಸುವುದು ಶಿಫಾರಸಿನಿಂದ ಬರುವ ವಿದ್ಯೆ ಅಲ್ಲ. ಯಾವ ಊರು ಯಾವ ಲೈನಿಗೆ ಅಂತ ಕೈಗೆ ಗೊತ್ತಿರಬೇಕು. ಅರಸೀಕೆರೆಯಲ್ಲಿ ಹಾಸನದ ಕಡೆಯ ಚೀಲ ಇಳಿಯಬೇಕು, ಬೀರೂರಿನಲ್ಲಿ ಶಿವಮೊಗ್ಗದ ಕಡೆಯದು. ವಿಳಾಸದಲ್ಲಿ ಅರ್ಧ ಅಕ್ಷರ ಅಳಿಸಿದ್ದರೂ ಕಾಗದ ಸರಿಯಾದ ಗೂಡಿಗೆ ಬೀಳಬೇಕು. ಒಂದು ಗೂಡು ತಪ್ಪಿದರೆ ಯಾರದೋ ಮನಿಯಾರ್ಡರ್ ಎರಡು ದಿನ ತಡ. ಅಂಥವರನ್ನು ಒಂದೇ ಏಟಿಗೆ ತೆಗೆದುಹಾಕಿದ್ದು ಓದಿದಾಗ ನನಗೆ ಸಂಕಟವಾಯಿತು. ಅವರು ಯಾವ ಪಕ್ಷಕ್ಕೆ ಮತ ಹಾಕಿದ್ದರೂ ಕಾಗದ ತಲುಪುತ್ತಿತ್ತಲ್ಲ.

ಶಿರಸಿ ಕಡೆಯವ

ಸರ್, ಹಾಗಾದರೆ ಸುಮ್ನೆ ಸ್ವಾರ್ಥ ಅನ್ನಬೇಕು. ಅಲ್ಲದೆ ಸಮಸಮ ಪೈಪೋಟಿಯೇ ಈ ರೋಗಕ್ಕೂ ಮೂಲ. 1881ರ ಸೆನೆಟ್ ನೋಡಿ. 37-37. ವರ್ಜೀನಿಯಾದ ವಿಲಿಯಂ ಮಹೋನ್ ಒಬ್ಬರ ಮತಕ್ಕೆ ಎರಡೂ ಕಡೆಯವರು ಗಂಟುಬಿದ್ದರು. ರಿಪಬ್ಲಿಕನ್ನರ ಕಡೆ ವಾಲಿದ್ದಕ್ಕೆ ಅವರಿಗೆ ಕೃಷಿ ಸಮಿತಿಯ ಅಧ್ಯಕ್ಷಗಿರಿ ಸಿಕ್ಕಿತು, ತಮ್ಮ ರಾಜ್ಯದ ನೇಮಕಗಳಲ್ಲಿ ಅವರ ಮಾತು ನಡೆಯಿತು. ಶ್ವೇತಭವನದಿಂದ ಹೂವಿನ ಬುಟ್ಟಿಯೂ ಬಂತು. ನಮ್ಮಲ್ಲಿ ನಿಗಮ ಮಂಡಳಿ ಕೊಟ್ಟು ಸಮಾಧಾನ ಮಾಡುವುದಿಲ್ಲವೇ, ಅದೇ ಥರ.

ಹಳೇ ಸಾರ್ಟರ್, ಬೀರೂರು

ಮಹೋನ್ ವಿಚಾರ ಒಪ್ಪಿದೆ. ಒಂದು ಮತದ ಅಂತರ ಇದ್ದಾಗ ಆ ಒಂದು ಮತಕ್ಕೆ ಬೆಲೆ ಕಟ್ಟುವವರು ಇದ್ದೇ ಇರುತ್ತಾರೆ. ಆದರೆ ನಿಗಮ ಮಂಡಳಿಯ ಅಧ್ಯಕ್ಷ ಬದಲಾದರೆ ಕೆಳಗಿನ ಗುಮಾಸ್ತ ಬದಲಾಗುವುದಿಲ್ಲ. ಅಲ್ಲಿ ಬದಲಾಗುತ್ತಿದ್ದದ್ದು ಗುಮಾಸ್ತನೇ.

ಸ್ವಾರ್ಥ ಅಂದಿರಿ. ಹೌದು, ಸ್ವಾರ್ಥವೇ. ಅದರಿಂದ ನನಗೇನೂ ಬೇಜಾರಿಲ್ಲ. ಒಂದೇ ಪಕ್ಷ ಇಪ್ಪತ್ತು ವರ್ಷ ಗೆಲ್ಲುತ್ತೇನೆ ಅಂತ ಧೈರ್ಯವಾಗಿ ಕೂತಿದ್ದರೆ ಈ ಬೇಲಿ ಏಳುತ್ತಲೇ ಇರಲಿಲ್ಲ. ಸೋಲು ಬಾಗಿಲಲ್ಲಿ ನಿಂತಿತ್ತು, ಅದಕ್ಕೇ ಎದ್ದಿತು. ಆದರೆ ನಿಜವಾಗಿ ಇದನ್ನು ನಂಬಿದ ಜನರೂ ಇದ್ದರು, ಅವರನ್ನು ಮರೆಯಬಾರದು. ಮಸೂದೆ ತಂದ ಜಾರ್ಜ್ ಪೆಂಡಲ್‌ಟನ್ ಒಹಾಯೋದ ಡೆಮಾಕ್ರಾಟ್. ಗೆದ್ದ ಮೇಲೆ ಕೆಲಸ ಹಂಚಬಹುದು ಅಂತ ಕಾದಿದ್ದ ಅವರ ಪಕ್ಷದವರಿಗೇ ಸಿಟ್ಟು ಬಂತು. ಮುಂದಿನ ಸಲ ಅವರಿಗೆ ಸೆನೆಟ್ ಸ್ಥಾನ ಸಿಗಲಿಲ್ಲ. ಗಾರ್ಫೀಲ್ಡ್ ಸತ್ತ ಮೇಲೆ ಅಧ್ಯಕ್ಷರಾಗಿ ಸಹಿ ಹಾಕಿದ ಚೆಸ್ಟರ್ ಆರ್ಥರ್ ಮೊದಲು ನ್ಯೂಯಾರ್ಕ್ ಕಸ್ಟಮ್ಸ್ ಕಚೇರಿಯ ಮುಖ್ಯಸ್ಥರಾಗಿದ್ದವರು. ಇಡೀ ದೇಶದಲ್ಲಿ ಪಕ್ಷದವರಿಗೆ ಕೆಲಸ ಹಂಚುವುದಕ್ಕೆ ಅದಕ್ಕಿಂತ ದೊಡ್ಡ ಜಾಗ ಇರಲಿಲ್ಲ. ಅಂಥವರು ಸಹಿ ಹಾಕಿದರು.

ಓದುವ ಹುಡುಗಿ, ತುಮಕೂರು

ತುಂಬಾ ಥ್ಯಾಂಕ್ಸ್ ಸರ್. ಹಳ್ಳಿ ಪೋಸ್ಟ್ ಮಾಸ್ಟರ್‌ಗಳ ಕಥೆ ಏನಾಯಿತು? ಅವರೂ 1883ರಲ್ಲೇ ಬಚಾವಾದರಾ?

ಹಳೇ ಸಾರ್ಟರ್, ಬೀರೂರು

ಇಲ್ಲಮ್ಮ, ಅವರೇ ಎಲ್ಲರಿಗಿಂತ ಜಾಸ್ತಿ ಪೆಟ್ಟು ತಿಂದವರು. ಹಳ್ಳಿಯ ಅಂಚೆ ಕಚೇರಿ ಅಂದರೆ ಸಾಮಾನ್ಯವಾಗಿ ದಿನಸಿ ಅಂಗಡಿಯ ಒಂದು ಮೂಲೆ. ಕಾಗದಕ್ಕೆ ಬಂದವರು ಸಕ್ಕರೆ, ಸೀಮೆಎಣ್ಣೆಯನ್ನೂ ಅಲ್ಲೇ ಕೊಳ್ಳುತ್ತಿದ್ದರು. ಹಾಗಾಗಿ ಆ ಹುದ್ದೆಗೆ ಅಷ್ಟು ಬೇಡಿಕೆ. ಅಧ್ಯಕ್ಷರು ಬದಲಾದರೆ ಅಂಚೆ ಕಚೇರಿ ಎದುರು ಪಕ್ಷದವರ ಅಂಗಡಿಗೆ ಹೋಗುತ್ತಿತ್ತು. ಹ್ಯಾರಿಸನ್ ಕಾಲದಲ್ಲಿ ಜೇಮ್ಸ್ ಕ್ಲಾರ್ಕ್‌ಸನ್ ಎಂಬ ಅಂಚೆ ಇಲಾಖೆಯ ಅಧಿಕಾರಿ ಮೊದಲ ವರ್ಷವೇ 30,000ಕ್ಕೂ ಹೆಚ್ಚು ಪೋಸ್ಟ್ ಮಾಸ್ಟರ್‌ಗಳನ್ನು ಬದಲಿಸಿದರು. ಅದಕ್ಕೂ ಮೊದಲು ಕ್ಲೀವ್‌ಲ್ಯಾಂಡ್ ಕಡೆಯಿಂದ ಅದೇ ಕುರ್ಚಿಯಲ್ಲಿ ಕೂತು ಸಾವಿರಾರು ರಿಪಬ್ಲಿಕನ್ನರನ್ನು ಕಿತ್ತ ಆಡ್ಲೈ ಸ್ಟೀವನ್‌ಸನ್, 1892ರಲ್ಲಿ ಉಪಾಧ್ಯಕ್ಷರಾಗಿಯೇ ಗೆದ್ದರು.

ಆ ಹಳ್ಳಿಯವರು ಕಾಯ್ದೆಯ ಒಳಗೆ ಬಂದಿದ್ದು ಬಹಳ ತಡವಾಗಿ. ಬಹುಪಾಲು ಜನರನ್ನು ಸೇರಿಸಿದ ಆದೇಶ ರಿಪಬ್ಲಿಕನ್ ಅಧ್ಯಕ್ಷ ಟಾಫ್ಟ್ ಅವರದು, 1912ರ ಅಕ್ಟೋಬರ್‌ನಲ್ಲಿ. ಚುನಾವಣೆಗೆ ಇನ್ನು ಕೆಲವೇ ವಾರ ಇತ್ತು, ಪಕ್ಷ ಒಡೆದಿತ್ತು, ಸೋಲು ಕಣ್ಣೆದುರೇ ಕಾಣುತ್ತಿತ್ತು. ದೊಡ್ಡ ಊರುಗಳ ಪೋಸ್ಟ್ ಮಾಸ್ಟರ್ ನೇಮಕ ರಾಜಕೀಯದಿಂದ ಪೂರ್ತಿ ಬಿಡಿಸಿಕೊಂಡಿದ್ದು 1970ರ ಅಂಚೆ ಸುಧಾರಣೆ ಕಾಯ್ದೆ ಬಂದ ಮೇಲೆ.