ನೀರಿನಲ್ಲಿ ಸರಿಯಾಗಿರುವ ಪಿಎಲ್‌ಜಿಎ ನ್ಯಾನೋಕಣ, ಪಿಬಿಎಸ್‌ಗೆ ಹಾಕಿದರೆ ಗಂಟು ಕಟ್ಟುತ್ತಿದೆ

ಪ್ರಶ್ನೆ:
ಔಷಧ ತುಂಬಲು ಪಿಎಲ್‌ಜಿಎ (ದೇಹದಲ್ಲಿ ನಿಧಾನವಾಗಿ ಒಡೆದುಹೋಗುವ ಪಾಲಿಮರ್) ಕಣ ಮಾಡುತ್ತಿದ್ದೇನೆ. ಪಾಲಿಮರನ್ನು ಅಸಿಟೋನ್‌ನಲ್ಲಿ ಕರಗಿಸಿ, ತಿರುಗುತ್ತಿರುವ ನೀರಿಗೆ ಹನಿಹನಿಯಾಗಿ ಬಿಡುತ್ತೇನೆ. ಅಸಿಟೋನ್ ಆರಿದ ಮೇಲೆ ಡಿಎಲ್‌ಎಸ್‌ನಲ್ಲಿ (ಬೆಳಕಿನ ಚದುರುವಿಕೆಯಿಂದ ಕಣದ ಗಾತ್ರ ಅಳೆಯುವ ವಿಧಾನ) ಗಾತ್ರ 140 ನ್ಯಾನೋಮೀಟರ್, ಪಿಡಿಐ (ಗಾತ್ರಗಳಲ್ಲಿನ ಏರುಪೇರಿನ ಅಳತೆ) 0.1, ಝೀಟಾ (ಕಣದ ಮೇಲ್ಮೈ ಚಾರ್ಜನ್ನು ಸೂಚಿಸುವ ವೋಲ್ಟೇಜ್) −38 ಮಿಲಿವೋಲ್ಟ್. ಟ್ಯೂಬನ್ನು ಬೆಳಕಿಗೆ ಹಿಡಿದರೆ ತೆಳು ನೀಲಿ ಮಬ್ಬು, ನೋಡೋಕೇ ಖುಷಿ. ಆದರೆ ಪಿಬಿಎಸ್‌ಗೆ (ದೇಹದ ದ್ರವದಷ್ಟು ಉಪ್ಪಿರುವ ಬಫರ್ ದ್ರಾವಣ) ಹಾಕಿದ ಹತ್ತೇ ನಿಮಿಷಕ್ಕೆ ಸುಣ್ಣದ ನೀರಿನ ಹಾಗೆ ಬೆಳ್ಳಗಾಗುತ್ತದೆ, ಆಮೇಲೆ ತಳದಲ್ಲಿ ಪುಡಿ ಕೂರುತ್ತದೆ. ಸೋನಿಕೇಟ್ ಮಾಡಿದರೂ (ಶ್ರವಣಾತೀತ ಧ್ವನಿಯಿಂದ ಕಲಕಿದರೂ) ಅದೇ ಕಥೆ. ಮೂರು ಬ್ಯಾಚ್ ಹಾಳಾಯಿತು. ಝೀಟಾ (ಚಿಹ್ನೆ ಬಿಟ್ಟು) 30 ದಾಟಿದರೆ ಸಾಕು, ಕಣ ಗಂಟು ಕಟ್ಟುವುದಿಲ್ಲ ಅಂತ ಓದಿದ್ದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ:
ಕಣಗಳು ಅಂಟದಂತೆ ತಡೆಯುವ ಸ್ಟೆಬಿಲೈಸರ್ ಏನೂ ಹಾಕಿಲ್ಲ ಅಲ್ವಾ? ಹಾಗಿದ್ದರೆ ನಿಮ್ಮ ಕಣಗಳನ್ನು ದೂರ ಇಟ್ಟಿರುವುದು ಮೇಲ್ಮೈಯ ಋಣ ಚಾರ್ಜ್ ಒಂದೇ. ಉಪ್ಪು ಕಡಿಮೆ ಇರುವ ನೀರಿನಲ್ಲಿ ಆ ಚಾರ್ಜಿನ ಪ್ರಭಾವ ದೂರದವರೆಗೆ ಇರುತ್ತದೆ: 1 ಮಿಲಿಮೋಲಾರ್ ಉಪ್ಪಿನಲ್ಲಿ ಸುಮಾರು 10 ನ್ಯಾನೋಮೀಟರ್. ಪಿಬಿಎಸ್‌ನಲ್ಲಿ ಉಪ್ಪು 150 ಮಿಲಿಮೋಲಾರ್ ಆಸುಪಾಸು, ಅದರ ಅಯಾನುಗಳು ಚಾರ್ಜನ್ನು ಮರೆಮಾಡುವುದರಿಂದ ಅಲ್ಲಿ ಆ ಪ್ರಭಾವ 1 ನ್ಯಾನೋಮೀಟರ್‌ಗಿಂತಲೂ ಕಡಿಮೆ. ಕಣಗಳು ತೀರಾ ಹತ್ತಿರ ಬರುತ್ತವೆ, ಅಂಟಿಕೊಳ್ಳುತ್ತವೆ. ನೀವು ನೋಡಿದ −38 ಆ ನೀರಿಗೆ ಮಾತ್ರ ಸೇರಿದ್ದು.

ಸುಮ್ನೆ ನನ್ನ ಮಾತು ನಂಬಬೇಡಿ. ಒಂದು ಟ್ಯೂಬ್‌ಗೆ 5% ಗ್ಲೂಕೋಸ್, ಇನ್ನೊಂದಕ್ಕೆ 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ಹಾಕಿ ನೋಡಿ. ಎರಡರ ಆಸ್ಮೋಟಿಕ್ ಒತ್ತಡವೂ ಹೆಚ್ಚುಕಡಿಮೆ ಒಂದೇ, ಆದರೆ ಗ್ಲೂಕೋಸ್‌ನಲ್ಲಿ ಅಯಾನು ಇಲ್ಲ.

ಪ್ರಶ್ನೆ ಕೇಳಿದವರು:
ಮಾಡಿದೆ. ಗ್ಲೂಕೋಸ್‌ನಲ್ಲಿ ಮರುದಿನವೂ 143. ಉಪ್ಪಿನದ್ದು ಆಗಲೇ ಬೆಳ್ಳಗೆ. ಸ್ಟೆಬಿಲೈಸರ್ ಆಗಿ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ಹಾಕಲೇ?

ಉತ್ತರ:
ಹಾಕಬಹುದು. ಆದರೆ ತೊಳೆಯುವಾಗ ಸ್ವಲ್ಪ ಪಿವಿಎ ಕಳಚಿ ಹೋಗುತ್ತದೆ, ಪ್ರತಿ ಬ್ಯಾಚ್‌ನಲ್ಲೂ ಎಷ್ಟು ಉಳಿಯಿತು ಅನ್ನುವುದೇ ತಲೆನೋವು. ರಕ್ತಕ್ಕೆ ಕೊಡುವ ಉದ್ದೇಶವಿದ್ದರೆ ನಾನು ಪಿಎಲ್‌ಜಿಎ-ಪಿಇಜಿಯನ್ನೇ (ಪಿಎಲ್‌ಜಿಎಗೆ ನೀರಿನಲ್ಲಿ ಕರಗುವ ಪಿಇಜಿ ಸರಪಳಿ ಜೋಡಿಸಿದ ಪಾಲಿಮರ್) ಆರಿಸುತ್ತೇನೆ. ಪಿಇಜಿಯ ಅಣುತೂಕ 5000 ಇರುವುದನ್ನು ತೆಗೆದುಕೊಂಡು ಅಸಿಟೋನ್‌ನಲ್ಲೇ ಬೆರೆಸಿ. ಪಿಎಲ್‌ಜಿಎ ತುದಿ ಒಳಗೆ ಸಿಕ್ಕಿಕೊಳ್ಳುತ್ತದೆ, ಪಿಇಜಿ ನೀರಿನ ಕಡೆಗೆ ಕೂದಲಿನಂತೆ ಚಾಚಿ ನಿಲ್ಲುತ್ತದೆ. ಈ ತಡೆಗೆ ಉಪ್ಪಿನಿಂದ ಅಷ್ಟಾಗಿ ತೊಂದರೆ ಇಲ್ಲ. ಸೀರಮ್ ಪ್ರೋಟೀನ್ ಅಂಟುವುದೂ ಕಡಿಮೆಯಾಗುತ್ತದೆ.

ಒಂದು ವಿಷಯಕ್ಕೆ ಗಾಬರಿಯಾಗಬೇಡಿ: ಝೀಟಾ ಸೊನ್ನೆಯ ಕಡೆಗೆ ಇಳಿಯುತ್ತದೆ. ಪಿಇಜಿ ಮೇಲೆ ಕೂತಿದೆ ಅನ್ನುವುದಕ್ಕೆ ಅದೇ ಗುರುತು. ಔಷಧ ಎಷ್ಟು ಹಿಡಿಯಿತು ಅನ್ನುವುದನ್ನು ಮಾತ್ರ ಮತ್ತೆ ಅಳೆಯಿರಿ, ಹಳೆಯ ಲೆಕ್ಕ ಇದಕ್ಕೆ ಹೊಂದುವುದಿಲ್ಲ.

ಪ್ರಶ್ನೆ ಕೇಳಿದವರು:
ಪಿಇಜಿ ಬೆರೆಸಿದ ಬ್ಯಾಚ್ ಪಿಬಿಎಸ್‌ನಲ್ಲಿ, 37 ಡಿಗ್ರಿಯಲ್ಲಿ 24 ಗಂಟೆ ಇಟ್ಟೆ. ಗಾತ್ರ 118 ಇತ್ತು, ಈಗ 121. ಝೀಟಾ −9. ಟ್ಯೂಬಿನಲ್ಲಿ ಅದೇ ನೀಲಿ ಮಬ್ಬು! ತುಂಬಾ ಥ್ಯಾಂಕ್ಸ್. ನಾಳೆ ಸೀರಮ್‌ಗೆ ಹಾಕುತ್ತೇನೆ.