ಕಾಸರ್ ಯಾರ ಆಳು, ಗೌರಿ ಯಾರ ಹಸು

ನಮ್ಮ ‘ತೋಟದ ಮನೆ ಬಳಗ’ ಗುಂಪಿನಲ್ಲಿ ಮೊನ್ನೆ ನಡೆದದ್ದು. ಹೆಸರು ತೆಗೆದು ವರಸೆ ಉಳಿಸಿದ್ದೇನೆ. ಗುಡ್ ಮಾರ್ನಿಂಗ್ ಗುಲಾಬಿಗಳನ್ನೂ ಕೈಮುಗಿಯುವ ಇಮೋಜಿಗಳನ್ನೂ ಕತ್ತರಿಸಿದ್ದೇನೆ, ಇಲ್ಲದಿದ್ದರೆ ಇದು ಮೂರು ಪಟ್ಟು ಉದ್ದವಾಗುತ್ತಿತ್ತು.

ದೊಡ್ಡಪ್ಪ: (ಫಾರ್ವರ್ಡ್) ಮುಚ್ಚಿಟ್ಟ ಸತ್ಯ!! ಅಮೆರಿಕಾದಲ್ಲಿ ಮೊಟ್ಟಮೊದಲು ಗುಲಾಮನನ್ನು ಇಟ್ಟುಕೊಂಡವನು ಬಿಳಿಯನಲ್ಲ! ಆಫ್ರಿಕಾದಿಂದ ಬಂದ ಕಪ್ಪು ಮನುಷ್ಯ ಆಂಥನಿ ಜಾನ್ಸನ್!! 1655ರ ಕೋರ್ಟ್ ತೀರ್ಪೇ ಸಾಕ್ಷಿ. ಕನಿಷ್ಠ ಹತ್ತು ಜನಕ್ಕೆ ಕಳಿಸಿ.

ಕೆಳಗೆ ಕೋಟು ಹಾಕಿ ಕುರ್ಚಿಯಲ್ಲಿ ಕೂತ ಒಬ್ಬರ ಹಳೇ ಫೋಟೋ.

ದೊಡ್ಡಪ್ಪ: ನಾನು ಯಾವಾಗ್ಲೂ ಹೇಳ್ತೀನಲ್ಲ, ಮನೆಯವರೇ ಮನೆಯವರಿಗೆ ಶತ್ರು.

ತೋಟ ಪಾಲಾದಾಗಿನಿಂದ ಈ ಮಾತು ಯಾರ ಮೇಲೆ ಅಂತ ಗುಂಪಿನಲ್ಲಿ ಎಲ್ಲರಿಗೂ ಗೊತ್ತು.

ಪಮ್ಮಿ: ದೊಡ್ಡಪ್ಪ, 1655ರಲ್ಲಿ ಫೋಟೋ ತೆಗೆದವರು ಯಾರು? ಕ್ಯಾಮೆರಾ ಬಂದಿದ್ದೇ 1800 ದಾಟಿದ ಮೇಲೆ. ಮೂಲ ಯಾವುದು ಹೇಳಿ.

ದೊಡ್ಡಪ್ಪ: ಫೋಟೋ ಬಿಡಮ್ಮ, ವಿಷಯ ನೋಡು.

ಪಮ್ಮಿ: ನಿಂಬೆಹಣ್ಣಿಗೆ ಕ್ಯಾನ್ಸರ್ ವಾಸಿ ಆಗುತ್ತೆ ಅಂತ ಕಳಿಸಿದಾಗಲೂ ಇದೇ ಅಂದ್ರಿ.

ಮೇಷ್ಟ್ರು ಚಿಕ್ಕಪ್ಪ: ಪಮ್ಮೀ, ದೊಡ್ಡವರ ಹತ್ರ ಮಾತಾಡೋ ರೀತಿ ಅಲ್ಲ ಇದು. ಇದರಲ್ಲಿರುವ ನೀತಿ ತಗೋ. ಅಧಿಕಾರ ಕೈಗೆ ಬಂದರೆ ಮನುಷ್ಯ ಹಿಂದಿನದನ್ನು ಮರೀತಾನೆ.

ಸಾವಿತ್ರತ್ತೆ: ಹೌದೌದು, ಮರೀತಾನೆ.

ಇನ್ನು ರಿಚ್ಮಂಡ್ ಅಣ್ಣ. ಅವನಿರೋದು ಅಮೆರಿಕಾದ ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್ಮಂಡಿನಲ್ಲಿ.

ರಿಚ್ಮಂಡ್ ಅಣ್ಣ: ದೊಡ್ಡಪ್ಪ, ಮನುಷ್ಯನೂ ನಿಜ, ತೀರ್ಪೂ ನಿಜ. ‘ಮೊಟ್ಟಮೊದಲು’ ಅನ್ನೋದು ಸುಳ್ಳು. 1640ರಲ್ಲಿ ಜಾನ್ಸನ್ ಇದ್ದ ಇದೇ ವರ್ಜೀನಿಯಾದಿಂದ ಮೂವರು ಆಳುಗಳು ಮೇರಿಲ್ಯಾಂಡಿಗೆ ಓಡಿಹೋಗಿ ಸಿಕ್ಕಿಬಿದ್ದರು. ಮೂವರಿಗೂ 30 ಛಡಿ ಏಟು. ಡಚ್ಚಿನವನಿಗೂ ಸ್ಕಾಟ್ಲೆಂಡಿನವನಿಗೂ ನಾಲ್ಕು ನಾಲ್ಕು ವರ್ಷ ಜಾಸ್ತಿ ದುಡಿಮೆ. ಜಾನ್ ಪಂಚ್ ಅನ್ನೋ ಕಪ್ಪು ಮನುಷ್ಯನಿಗೆ ಸಾಯೋ ತನಕ. ಅದು ಜಾನ್ಸನ್ ಕೇಸಿಗಿಂತ 15 ವರ್ಷ ಮುಂಚೆ.

ದೊಡ್ಡಪ್ಪ: ಅಲ್ಲಿ ಇರೋನು ಅಲ್ಲಿಯವರ ಪರವೇ ಮಾತಾಡ್ತಾನೆ.

ರಿಚ್ಮಂಡ್ ಅಣ್ಣ: ಎಲ್ಲರೂ ಅಲ್ಲಿಯವರೇ ಅಲ್ವಾ ದೊಡ್ಡಪ್ಪ, ಯಾರ ಪರ?

ಲಾಯರ್ ಭಾವ: ಅದಿರಲಿ. 1655ರ ಕೇಸಿನಲ್ಲಿ ವಾದಿ ಯಾರು, ಪ್ರತಿವಾದಿ ಯಾರು?

ರಿಚ್ಮಂಡ್ ಅಣ್ಣ: ಜಾನ್ಸನ್ ವಾದಿ ಭಾವ. ಅವನೂ 1621ರಲ್ಲಿ ಆಳಾಗಿಯೇ ಬಂದವನು, ದಾಖಲೆಯಲ್ಲಿ ಬರೀ ‘ಆಂಟೋನಿಯೋ’. ಬಿಡುಗಡೆಯಾಗಿ, ಹೆಂಡತಿ ಮೇರಿ ಜೊತೆ ಸಂಸಾರ ಕಟ್ಟಿ, 1651ಕ್ಕೆ 250 ಎಕರೆ ಮಾಡಿಕೊಂಡ. ವರ್ಜೀನಿಯಾಕ್ಕೆ ಕರೆತಂದ ಒಂದೊಂದು ತಲೆಗೆ 50 ಎಕರೆ ಕೊಡ್ತಿದ್ದರು, ಇವನು ಐದು ತಲೆ ತೋರಿಸಿದ. ಅವನ ಹತ್ರ ಇದ್ದ ಜಾನ್ ಕಾಸರ್ ಅನ್ನೋ ಕಪ್ಪು ಆಳು ‘ನನ್ನ ಕರಾರು ಏಳೆಂಟು ವರ್ಷದ್ದು, ಮುಗಿದು ಇನ್ನೂ ಏಳು ವರ್ಷ ದುಡಿದೆ’ ಅಂತ ತಗಾದೆ ತೆಗೆದು ಪಕ್ಕದ ರಾಬರ್ಟ್ ಪಾರ್ಕರ್ ಹತ್ರ ಹೋದ. ಹೆಂಡತಿ, ಇಬ್ಬರು ಮಕ್ಕಳು, ಅಳಿಯ ಎಲ್ಲ ಸೇರಿ ಬಿಟ್ಟುಬಿಡು ಅಂದರು, ಜಾನ್ಸನ್ ಬಿಟ್ಟ. ಆಮೇಲೆ ಮನಸ್ಸು ಬದಲಾಯಿಸಿ ಕೋರ್ಟಿಗೆ ಹೋದ, ಗೆದ್ದ. ಕಾಸರ್ ವಾಪಸ್, ಖರ್ಚು ಪಾರ್ಕರ್ ತಲೆಗೆ. ನೋಡಿ, ಆ ಮನೆಗೆ ಒಬ್ಬ ಅಳಿಯ ಇದ್ದ ಅಂತ ನಮಗೆ ಗೊತ್ತಾಗೋದೇ ಈ ಜಗಳದಿಂದ. ಸುಮ್ಮನಿದ್ದ ಮನೆಗಳ ಬಗ್ಗೆ ಒಂದು ಸಾಲೂ ಇಲ್ಲ.

ಸಾವಿತ್ರತ್ತೆ: ಅಳಿಯ ಪಾಪ ಒಳ್ಳೇದೇ ಹೇಳಿದಾನೆ. ಅಳಿಯನ ಮಾತು ಯಾರು ಕೇಳ್ತಾರೆ.

ಈ ಗುಂಪಿನಲ್ಲಿ ಅಳಿಯ ಅಂದರೆ ಲಾಯರ್ ಭಾವ. ಪಾಲುಪಟ್ಟಿ ರಿಜಿಸ್ಟರ್ ಮಾಡಿಸೋಣ ಅಂದದ್ದಕ್ಕೆ ಅವರು ಎರಡು ಯುಗಾದಿ ಮಾತಿಲ್ಲದೆ ಕಳೆದಿದ್ದಾರೆ.

ಪಮ್ಮಿ: ಅಣ್ಣ, ಇಷ್ಟು ಹಳೇ ಕಾಗದ ಉಳಿದಿದ್ದು ಹೇಗೆ?

ರಿಚ್ಮಂಡ್ ಅಣ್ಣ: ಈ ಕೇಸು ನಡೆದ ನಾರ್ತಾಂಪ್ಟನ್ ಕೌಂಟಿಯ ಅದೃಷ್ಟ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ. 1632ರಿಂದ ಕೋರ್ಟ್ ಪುಸ್ತಕಗಳು ನಡುವೆ ತುಂಡಾಗದೆ ಇವೆ. ಬೇರೆ ಎಷ್ಟೋ ಕೌಂಟಿಯವರು ಅಮೆರಿಕಾದ ಅಂತರ್ಯುದ್ಧದಲ್ಲಿ ಜೋಪಾನವಾಗಿರಲಿ ಅಂತ ರಿಚ್ಮಂಡಿಗೆ ಕಳಿಸಿದರು. 1865ರ ಏಪ್ರಿಲ್‌ನಲ್ಲಿ ರಿಚ್ಮಂಡೇ ಹೊತ್ತಿ ಉರೀತು.

ಶ್ರೀಧರ: ಜೋಪಾನ ಅಂದಾಗ ನೆನಪಾಯ್ತು, ಅಟ್ಟದ ಮೇಲೆ ತಾತನ ಟ್ರಂಕ್ ಇತ್ತಲ್ಲ, ಹಸಿರು ಬಣ್ಣದ್ದು! ಸುತ್ತಲೂ ಕೊಬ್ಬರಿಗೆ ಇಟ್ಟ ಕಾಯಿ. ತಾತ ಒಂದೊಂದೇ ಕಾಯಿ ಕಿವಿ ಹತ್ರ ಅಲ್ಲಾಡಿಸಿ, ನೀರಿನ ಸದ್ದು ಇದ್ದರೆ ಹಿಂದಕ್ಕೆ, ಗಿಟುಕು ಕಟಕಟ ಅಂದರೆ ಈ ಕಡೆಗೆ. ನಾವು ಕೆಳಗೆ ನಿಂತು ಹಿಡ್ಕೊಳ್ಳೋದು. ಎಂಥಾ ದಿನ!

ಪಮ್ಮಿ: ನೀನು ಯಾವಾಗ ಹಿಡ್ಕೊಂಡೆ? ನಿನ್ನ ತಲೆ ಮೇಲೆ ಬಿತ್ತು ಅಂತ ನನಗೆ ಬೈಸಿದೆ.

ಸಾವಿತ್ರತ್ತೆ: ಆ ಟ್ರಂಕ್ ಈಗ ಯಾರ ಮನೇಲಿದೆ?

ನೀಲಿ ಟಿಕ್ಕುಗಳು ಬಂದವು. ಉತ್ತರ ಬರಲಿಲ್ಲ. ಶ್ರೀಧರ ಮೆಸೇಜ್ ಡಿಲೀಟ್ ಮಾಡಿದ, ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಆಗಿಹೋಗಿತ್ತು.

ಲಾಯರ್ ಭಾವ: ಆ ಕಾಲದಲ್ಲಿ ಅಲ್ಲಿ ವಿಲ್ ಇಲ್ಲದೆ ಸತ್ತರೆ ಆಸ್ತಿ ಯಾರಿಗೆ?

ರಿಚ್ಮಂಡ್ ಅಣ್ಣ: ವರ್ಜೀನಿಯಾದಲ್ಲಿ ಜಮೀನೆಲ್ಲ ಹಿರಿಮಗನಿಗೆ. ಅದಕ್ಕೇ ಎಷ್ಟೋ ವಿಲ್‌ಗಳಲ್ಲಿ ಹಿರಿಮಗನ ಹೆಸರೇ ಇರಲ್ಲ, ಹೇಗೂ ಕಾನೂನು ಕೊಡುತ್ತೆ ಅಂತ. ಹೆಸರಿಲ್ಲ ಅಂತ ವಂಶವೃಕ್ಷದಿಂದ ಅವನನ್ನ ಬಿಟ್ಟುಬಿಡೋ ಹಾಗಿಲ್ಲ.

ದೊಡ್ಡಪ್ಪ: ಒಳ್ಳೇ ಕಾನೂನು.

ಸಾವಿತ್ರತ್ತೆ: ನೀನು ಕಾನೂನಿಲ್ಲದೇನೇ ಜಾರಿಗೆ ತಂದೆಯಲ್ಲ ಅಣ್ಣ.

ಮೇಷ್ಟ್ರು ಚಿಕ್ಕಪ್ಪ: ಎಲ್ಲರೂ ಶಾಂತವಾಗಿರಿ. ಇದು ಕುಟುಂಬದ ಗುಂಪು.

ರಿಚ್ಮಂಡ್ ಅಣ್ಣ: ಜಾನ್ಸನ್ ಕಥೆ ಮುಗಿಸಿಬಿಡ್ತೀನಿ. ಕೊನೆಗೆ ಮೇರಿಲ್ಯಾಂಡಿಗೆ ಹೋಗಿ 300 ಎಕರೆ ಗುತ್ತಿಗೆ ಹಿಡಿದ. 1670ರಲ್ಲಿ ಸತ್ತ. ವರ್ಜೀನಿಯಾದಲ್ಲಿ 50 ಎಕರೆ ಮಗ ರಿಚರ್ಡ್‌ಗೆ ಬಿಟ್ಟಿದ್ದ. ಅಲ್ಲಿಯ ಜ್ಯೂರಿ ಏನಂತು ಗೊತ್ತಾ? ಅವನು ಕಪ್ಪು ಮನುಷ್ಯ, ಹಾಗಾಗಿ ಪರದೇಶಿ, ಜಮೀನು ಸರ್ಕಾರಕ್ಕೆ. 1655ರಲ್ಲಿ ಅವನ ಕಡೆಗೆ ತೀರ್ಪು ಕೊಟ್ಟ ಅದೇ ವರ್ಜೀನಿಯಾ! ಫಾರ್ವರ್ಡ್‌ನಲ್ಲಿ ಈ ಕಾಗದ ಇರಲ್ಲ. ಮೇರಿ 1672ರಲ್ಲಿ ವಿಲ್ ಬರೆಸಿ ಮೊಮ್ಮಕ್ಕಳಿಗೆ ಹಸು-ಕರು ಬಿಟ್ಟಳು. ಒಬ್ಬ ಮೊಮ್ಮಗ 1677ರಲ್ಲಿ 44 ಎಕರೆ ಕೊಂಡು ‘ಅಂಗೋಲಾ’ ಅಂತ ಹೆಸರಿಟ್ಟ. 1700 ದಾಟಿದ ಮೇಲೆ ಜಾಡು ತಪ್ಪಿಹೋಗುತ್ತೆ.

ಸಾವಿತ್ರತ್ತೆ: ಹಸು-ಕರು. ಅಮ್ಮ ಗೌರಿ ಹಸುನ ನನಗೆ ಅಂತ ಬಾಯಿಬಿಟ್ಟು ಹೇಳಿದ್ದು, ಎಲ್ಲರೂ ಅಲ್ಲೇ ಇದ್ರಿ.

ದೊಡ್ಡಪ್ಪ: ಮುದಿ ಹಸು. ನಿನ್ನ ಸಿಟಿ ಮನೇಲಿ ಎಲ್ಲಿ ಕಟ್ತಿದ್ದೆ?

ಸಾವಿತ್ರತ್ತೆ: ಮುದಿ ಹಸು ಗಬ್ಬ ಆಗುತ್ತಾ? ಆ ಕರುನ ಯಾರು ಮಾರಿದ್ದು?

ಮೇಷ್ಟ್ರು ಚಿಕ್ಕಪ್ಪ: ಋಣಾನುಬಂಧ ರೂಪೇಣ ಪಶು ಪತ್ನಿ ಸುತಾಲಯಾಃ. ಋಣ ಇದ್ದಷ್ಟು ದಿನ ಹಸು, ಅಷ್ಟೇ.

ಸಾವಿತ್ರತ್ತೆ: ಗಿಣ್ಣು ತಿಂದೋರಲ್ಲಿ ನೀನೂ ಒಬ್ಬ ಕಣೋ, ಶ್ಲೋಕ ಬೇಡ.

ಪಮ್ಮಿ: ಕಾಸರ್ ಏನಾದ ಅಂತ ಯಾರಾದ್ರೂ ಕೇಳಿದ್ರಾ?

ರಿಚ್ಮಂಡ್ ಅಣ್ಣ: ಜಾನ್ಸನ್ ಮನೆಯವರ ಜೊತೆ ಅವನೂ ಮೇರಿಲ್ಯಾಂಡಿಗೆ ಹೋದ. ಇನ್ನೊಂದು ಗೊತ್ತಾ, 1635ರ ವರ್ಜೀನಿಯಾ ಜಮೀನು ದಾಖಲೆಯಲ್ಲಿ ‘ಈಸ್ಟ್ ಇಂಡಿಯನ್’ ಟೋನಿ ಅಂತ ಒಬ್ಬ ಆಳು ಸಿಗ್ತಾನೆ.

ದೊಡ್ಡಪ್ಪ: ಇಂಡಿಯನ್ನಾ? 1635ರಲ್ಲಿ? ನಮ್ಮವನೇ ಇರಬೇಕು!

ಪಮ್ಮಿ: ದೊಡ್ಡಪ್ಪ, ದಾಖಲೆಯಲ್ಲಿ ಅಷ್ಟೇ ಇರೋದು. ಎಲ್ಲೂ ಕಳಿಸಬೇಡಿ.

ದೊಡ್ಡಪ್ಪ: ವಾಕಿಂಗ್ ಗುಂಪಿಗೆ ಕಳಿಸಾಯ್ತು.

ಸಾವಿತ್ರತ್ತೆ: ಶುಕ್ರವಾರ ಅಪ್ಪನ ತಿಥಿಗೆ ಬರ್ತಿದ್ದೀನಿ. ಟ್ರಂಕ್ ಅಟ್ಟದಿಂದ ಇಳಿಸಿಟ್ಟಿರಿ.

ಲಾಯರ್ ಭಾವ: ನಾನೂ ಬರ್ತೀನಿ. ಒಳಗಿರೋದನ್ನ ಪಟ್ಟಿ ಮಾಡೋಣ. ಸಹಿಗೆ ಇಬ್ಬರು ಸಾಕ್ಷಿ ಬೇಕು.

ಶ್ರೀಧರ: ನಾನು ಶುಕ್ರವಾರ ಊರಲ್ಲಿ ಇರಲ್ಲ.