ಪದಚರ್ಚೆ: ‘ತೆರೆನಿಷ್ಠ’ ಕವಚ ಎನ್ನಬಹುದೇ?

ಮಾನ್ಯ ಪದಾಸಕ್ತರಿಗೆ ನಮಸ್ಕಾರಗಳು.

ವೈಜ್ಞಾನಿಕ ಕಾಲ್ಪನಿಕ ಚಲನಚಿತ್ರಗಳಲ್ಲಿ ಬರುವ ಸೈನಿಕರ ಕವಚವನ್ನು ಕಡಿಮೆ ಖರ್ಚಿನಲ್ಲಿ ಮನೆಯಲ್ಲಿಯೇ ಮಾಡಿಕೊಳ್ಳುವ ಬಗೆಯನ್ನು ಕುರಿತು, ನನ್ನ ಅಕ್ಕನ ಮಗ ಮತ್ತು ಅವನ ಗೆಳೆಯರ ಸಲುವಾಗಿ ಕನ್ನಡದಲ್ಲಿ ಒಂದು ಕೈಪಿಡಿಯನ್ನು ಬರೆಯುತ್ತಿದ್ದೇನೆ. ಅವರು ಆರಿಸಿಕೊಂಡಿರುವುದು 1977ರ ‘ಸ್ಟಾರ್ ವಾರ್ಸ್’ ಚಿತ್ರದ ಬಿಳಿಯ ಸೈನಿಕನ, ಅಂದರೆ ಸ್ಟಾರ್ಮ್‌ಟ್ರೂಪರ್‌ನ ವೇಷ. ಬರವಣಿಗೆ ಬಹುಮಟ್ಟಿಗೆ ಮುಗಿದಿದೆಯಾದರೂ ಕೈಪಿಡಿಯ ಹೆಸರಿನಲ್ಲಿಯೇ ಬರಬೇಕಾದ ಒಂದು ಮಾತು ಕೈಗೆ ಸಿಕ್ಕಿಲ್ಲ. ಇಂಗ್ಲಿಷಿನಲ್ಲಿ ಇಂಥ ವೇಷಗಳನ್ನು ತಯಾರಿಸುವ ಹವ್ಯಾಸಿಗಳು ‘ಸ್ಕ್ರೀನ್ ಆಕ್ಯುರೇಟ್’ ಎನ್ನುವ ಗುಣವಾಚಕಕ್ಕೆ ಕನ್ನಡದಲ್ಲಿ ಏನು ಹೇಳಬೇಕು ಎಂಬುದೇ ನನ್ನ ಮುಖ್ಯ ಪ್ರಶ್ನೆ.

ಮೊದಲು ಅರ್ಥವನ್ನು ಬಿಡಿಸಿ ಹೇಳುತ್ತೇನೆ. ಅಮೆರಿಕದಲ್ಲಿ 1997ರಲ್ಲಿ ಆರಂಭವಾದ ‘501ನೇ ಲೀಜನ್’ ಎಂಬ ಅಭಿಮಾನಿ ಸಂಘವು ಪ್ರತಿಯೊಂದು ವೇಷಕ್ಕೂ ಭಾಗವಾರು ವಿವರಣೆಯನ್ನು ಸಿದ್ಧಪಡಿಸಿ, ಅದಕ್ಕೆ ಹೊಂದುವ ವೇಷವಿದ್ದವರನ್ನು ಮಾತ್ರ ಸದಸ್ಯರನ್ನಾಗಿ ಸೇರಿಸಿಕೊಳ್ಳುತ್ತದೆ. ಅಲ್ಲಿ ನೋಡುವುದು ಕವಚ ‘ನಿಜವಾದ ಕವಚದಂತೆ’ ಇದೆಯೇ ಎಂಬುದನ್ನಲ್ಲ, ಅದು ತೆರೆಯ ಮೇಲೆ ಕಂಡಂತೆಯೇ ಇದೆಯೇ ಎಂಬುದನ್ನು. ಮೂಲ ಚಿತ್ರದ ತಲೆಗವಚಗಳ ಎಡಬಲಗಳು ಒಂದಕ್ಕೊಂದು ಸರಿಹೊಂದುವುದಿಲ್ಲ; ಕೆನ್ನೆಯ ಕೊಳವೆಗಳ ಮೇಲಿನ ಗೆರೆಗಳನ್ನು ಕುಂಚ ಹಿಡಿದು ಕೈಯಿಂದಲೇ ಎಳೆದದ್ದರಿಂದ ಒಂದು ಗೆರೆಯಂತೆ ಇನ್ನೊಂದಿಲ್ಲ. ಈಗ ಕಂಪ್ಯೂಟರಿನಲ್ಲಿ ಎಡಬಲಗಳನ್ನು ಸರಿದೂಗಿಸಿ, ಗೆರೆಗಳನ್ನು ಅಳತೆಪಟ್ಟಿ ಇಟ್ಟು ಎಳೆದರೆ, ಆ ತಲೆಗವಚವು ಮೂಲಕ್ಕಿಂತ ಅಚ್ಚುಕಟ್ಟಾಗಿರುತ್ತದೆ, ಆದರೆ ‘ಸ್ಕ್ರೀನ್ ಆಕ್ಯುರೇಟ್’ ಆಗಿರುವುದಿಲ್ಲ. ಮೂಲದ ಕುಂದನ್ನೂ ಗೌರವದಿಂದ ಉಳಿಸಿಕೊಳ್ಳುವುದು ಈ ಪದದ ತಿರುಳು ಎಂದು ನಾನು ತಿಳಿದಿದ್ದೇನೆ.

ಹೀಗಿರುವಾಗ ‘ನೈಜ’ ಎಂಬ ಪದವು ಇಲ್ಲಿ ಸಲ್ಲುವುದಿಲ್ಲ. ‘ನಿಖರ’ ಎಂದರೆ ಅಳತೆಯ ಕರಾರುವಾಕ್ಕುತನವಷ್ಟೇ ಮನಸ್ಸಿಗೆ ಬರುತ್ತದೆ. ಯಾವುದಕ್ಕೆ ನಿಖರ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ‘ಯಥಾವತ್ತು’ ಹತ್ತಿರದ್ದಾದರೂ ಕ್ರಿಯಾವಿಶೇಷಣವಾಗಿ ಬಂದಾಗ ಹಿತವಾಗಿರುವಂತೆ ಕವಚದ ಹಿಂದೆ ವಿಶೇಷಣವಾಗಿ ನಿಂತಾಗ ಇರುವುದಿಲ್ಲ. ಮಾತಿನಲ್ಲಿ ನಾವು ‘ಥೇಟ್ ಸಿನಿಮಾದಲ್ಲಿದ್ದ ಹಾಗೇ ಇದೆ’ ಎನ್ನುತ್ತೇವೆ, ಉತ್ತರ ಕರ್ನಾಟಕದ ಕಡೆಯವರು ‘ಹುಬೇಹೂಬ’ ಎನ್ನುತ್ತಾರೆ. ಇವೆರಡೂ ಜೀವಂತ ಪದಗಳು, ಆದರೆ ಹೆಸರಿನ ಹಿಂದೆ ಸೇರಿ ಸಮಾಸವಾಗುವುದಕ್ಕೆ ಒಗ್ಗುವುದಿಲ್ಲ. ‘ಪಡಿಯಚ್ಚು’ ಎಂಬ ಚಂದದ ಪದವಿದೆ. ‘ಮಗ ತಂದೆಯ ಪಡಿಯಚ್ಚು’ ಎನ್ನುವಾಗ ಮೂಗಿನ ಸೊಟ್ಟವೂ ಸೇರಿಯೇ ಇರುತ್ತದೆಯಾದ್ದರಿಂದ ಭಾವದ ದೃಷ್ಟಿಯಿಂದ ಇದು ನನಗೆ ಬಹಳ ಒಪ್ಪಿಗೆಯಾಗಿದೆ. ತೊಡಕೆಂದರೆ, ಇದೇ ಕೈಪಿಡಿಯಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಅದು ಮೆತ್ತಗಾಗಿ ಜೋತುಬಿದ್ದೊಡನೆ ಅಚ್ಚಿನ ಮೇಲೆ ಹೊದಿಸಿ, ಕೆಳಗಿನಿಂದ ಗಾಳಿಯನ್ನು ಹೀರಿ ಆಕಾರ ತರುವ ವಿಧಾನದ ವಿವರಣೆಯೂ ಇದೆ. ಅಲ್ಲಿ ‘ಅಚ್ಚು’ ಎಂಬುದು ನಿಜವಾದ ಅಚ್ಚೇ ಆಗಿರುವುದರಿಂದ ‘ಪಡಿಯಚ್ಚು’ ಓದುಗರನ್ನು ದಾರಿ ತಪ್ಪಿಸಬಹುದು.

ಕೊನೆಗೆ ನಾನು ‘ತೆರೆನಿಷ್ಠ’ ಎಂಬ ಪದವನ್ನು ಕಟ್ಟಿಕೊಂಡಿದ್ದೇನೆ. ಅನುವಾದದ ಚರ್ಚೆಗಳಲ್ಲಿ ‘ಮೂಲನಿಷ್ಠ ಅನುವಾದ’ ಎಂಬ ಪ್ರಯೋಗ ನೆಲೆಗೊಂಡಿರುವುದರಿಂದ ಅದೇ ದಾರಿಯಲ್ಲಿ ಇದೂ ನಿಲ್ಲಬಹುದೆಂಬುದು ನನ್ನ ಎಣಿಕೆ. ಇದು ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದ ಅರಿಸಮಾಸವೆಂಬ ಆಕ್ಷೇಪ ಬರುತ್ತದೆಂದು ಬಲ್ಲೆ. ಆ ಆಕ್ಷೇಪಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ‘ತೆರೆ’ ಎಂಬುದರ ವ್ಯಾಪ್ತಿ. ಚಿತ್ರೀಕರಣಕ್ಕೆ ಬಳಸಿದ ತಲೆಗವಚಗಳಲ್ಲಿ ಹಲವು ಖಾಕಿ ಛಾಯೆಯ ಪ್ಲಾಸ್ಟಿಕ್ಕಿನಿಂದ ಮಾಡಿ ಮೇಲೆ ಬಿಳಿಯ ಬಣ್ಣ ಬಳಿದಂಥವು. ತೆರೆಯ ಮೇಲೆ ಕಾಣುವುದು ಬಿಳುಪು ಮಾತ್ರ, ವಸ್ತುವಿನ ಒಳಮೈ ಖಾಕಿ. ಒಳಮೈಯನ್ನೂ ಖಾಕಿಯಾಗಿಯೇ ಮಾಡುವವನು ತೆರೆಗೆ ನಿಷ್ಠನೋ, ಚಿತ್ರೀಕರಣದ ಸ್ಥಳದಲ್ಲಿದ್ದ ವಸ್ತುವಿಗೆ ನಿಷ್ಠನೋ? ಇಂಗ್ಲಿಷಿನವರು ಎರಡನ್ನೂ ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ. ನಾವು ‘ತೆರೆನಿಷ್ಠ’ ಮತ್ತು ‘ಮೂಲನಿಷ್ಠ’ ಎಂದು ಎರಡಾಗಿ ಇಟ್ಟುಕೊಂಡರೆ ಕನ್ನಡದಲ್ಲಿಯೇ ಅರ್ಥ ಹೆಚ್ಚು ಸ್ಪಷ್ಟವಾಗುತ್ತದೆಯಲ್ಲವೇ? ಕಡಿಮೆ ದುಡ್ಡಿನವರಿಗೆ ಈ ಭೇದ ಬಹಳ ಮುಖ್ಯ. ಪ್ಲಾಸ್ಟಿಕ್ಕಿನ ಬದಲು ಹವಾಯಿ ಚಪ್ಪಲಿಗೂ ವ್ಯಾಯಾಮದ ಚಾಪೆಗೂ ಬಳಸುವ ಇವಿಎ ಫೋಮಿನಲ್ಲಿ ಮಾಡಿದ ಕವಚವು ಮೂಲನಿಷ್ಠ ಖಂಡಿತ ಅಲ್ಲ, ಆದರೆ ಕೈಕೆಲಸ ಚೆನ್ನಾಗಿದ್ದರೆ ನಾಲ್ಕು ಮಾರು ದೂರದಿಂದ ನೋಡುವವರಿಗೆ ತೆರೆಯಲ್ಲಿ ಕಂಡಂತೆಯೇ ಕಂಡೀತು.

ಕಡಿಮೆ ಖರ್ಚಿನದು ಎಂಬ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಬಳಸುವ ‘ಬಜೆಟ್’ ಎಂಬುದಕ್ಕೆ ‘ಅಗ್ಗದ’ ಎಂದು ಬರೆಯಲು ಮನಸ್ಸಾಗಲಿಲ್ಲ, ಏಕೆಂದರೆ ಅದರಲ್ಲಿ ಕಳಪೆಯ ಛಾಯೆಯಿದೆ. ‘ಕೈಗೆಟುಕುವ ಖರ್ಚಿನಲ್ಲಿ’ ಎಂದು ಬರೆದಿದ್ದೇನೆ.

ಎರಡನೆಯ ಪ್ರಶ್ನೆ ಕವಚದ ಭಾಗಗಳ ಹೆಸರನ್ನು ಕುರಿತದ್ದು. ಕುಮಾರವ್ಯಾಸನ ಯುದ್ಧವರ್ಣನೆಗಳಲ್ಲಿ ಕವಚಕ್ಕೆ ‘ಜೋಡು’ ಎಂದೂ ತಲೆಗವಚಕ್ಕೆ ‘ಸೀಸಕ’ ಎಂದೂ ಬರುತ್ತದೆ. ಆದರೆ ಇಂದು ‘ಜೋಡು’ ಎಂದರೆ ಅನೇಕ ಕಡೆ ಕಾಲಿಗೆ ಹಾಕುವ ಚಪ್ಪಲಿ. ಭುಜದ ಭಾಗಕ್ಕೆ ಯಕ್ಷಗಾನದ ‘ಭುಜಕೀರ್ತಿ’ಯನ್ನೇ ಬಳಸೋಣವೆಂದು ಒಬ್ಬ ಮಿತ್ರರು ಸೂಚಿಸಿದರು. ಹಗುರವಾದ ಮರದ ಮೇಲೆ ಬೇಗಡೆ (ಹೊಳೆಯುವ ತೆಳು ಹಾಳೆ) ಹಚ್ಚಿ ಚಿನ್ನದ ಭಾರವನ್ನು ಕಣ್ಣಿಗೆ ತೋರಿಸುವ ಆ ಕಲೆಗೂ, ಫೋಮಿಗೆ ಬಣ್ಣ ಬಳಿದು ಗಟ್ಟಿ ಕವಚವೆನಿಸುವ ಈ ಕೆಲಸಕ್ಕೂ ನಂಟು ಇದೆಯೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೂ ಭುಜಕೀರ್ತಿ ಆಭರಣ, ಇದು ಕವಚದ ತುಂಡು. ‘ಪಾದರಕ್ಷೆ’ ಎಲ್ಲರಿಗೂ ಗೊತ್ತಿರುವುದರಿಂದ ‘ಭುಜರಕ್ಷೆ’, ‘ತೋಳುರಕ್ಷೆ’, ‘ಮಂಡಿರಕ್ಷೆ’ ಎಂದು ಸಾಗಿದ್ದೇನೆ. ಈ ಸೈನಿಕನ ಎಡ ಮಂಡಿಗೆ ಮಾತ್ರ ಒಂದು ಹೆಚ್ಚಿನ ಫಲಕ ಇರುವುದರಿಂದ ಅದನ್ನು ಪ್ರತ್ಯೇಕವಾಗಿ ಹೆಸರಿಸದೆ ವಿಧಿಯಿಲ್ಲ. ತೊಡುವ ಕ್ರಿಯೆಗಂತೂ ಕರಾವಳಿಯ ‘ವೇಷ ಕಟ್ಟುವುದು’ ಎಂಬ ಮಾತೇ ಸರಿ. ಇಲ್ಲಿಯೂ ತುಂಡುಗಳನ್ನೆಲ್ಲ ಒಳಗಿನಿಂದ ಎಲಾಸ್ಟಿಕ್ ಪಟ್ಟಿಗಳಿಂದ ಮೈಗೆ ಕಟ್ಟಲೇಬೇಕು.

ಪದದ ಅರ್ಥ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಇದೇ ತಲೆಗವಚದ ಒಂದು ನಿದರ್ಶನವಿದೆ. ಅದು ಬ್ರಿಟನ್ನಿನ ಕೃತಿಸ್ವಾಮ್ಯ ಕಾನೂನಿನ ಪ್ರಕಾರ ‘ಸ್ಕಲ್ಪ್‌ಚರ್’ (ಶಿಲ್ಪಕೃತಿ) ಹೌದೇ ಅಲ್ಲವೇ ಎಂಬ ಪ್ರಶ್ನೆ ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಅಲ್ಲವೆಂದು 2011ರ ಜುಲೈಯಲ್ಲಿ ತೀರ್ಪಾಯಿತು. ಸಿನಿಮಾ ತಯಾರಿಕೆಯಲ್ಲಿ ಅದು ಬಳಕೆಯ ವಸ್ತುವಾಗಿತ್ತು ಎಂಬುದು ಆ ತೀರ್ಪಿನ ನೆಲೆ. ಕುಶಲ ಕೈಕೆಲಸವನ್ನೆಲ್ಲ ಒಳಗೊಳ್ಳುತ್ತಿದ್ದ ನಮ್ಮ ಹಳೆಯ ‘ಶಿಲ್ಪ’ದ ಅರ್ಥದಲ್ಲಿ ನೋಡಿದರೆ ಉತ್ತರ ಬೇರೆಯಾಗುತ್ತಿತ್ತು.

ಕೊನೆಯದು ಒಂದು ಸಣ್ಣ ಸಂಗತಿ. ಫೋಮಿಗೆ ಬಿಸಿಗಾಳಿ ಹಿಡಿದಾಗ ಅದರ ಮಂಕಾದ ಮೈ ಇದ್ದಕ್ಕಿದ್ದಂತೆ ತುಸು ಮಿರುಗುತ್ತದೆ. ಆ ಕ್ಷಣದಲ್ಲಿ ಗಾಳಿಯನ್ನು ತೆಗೆದು, ತೊಡೆಯ ಮೇಲೊತ್ತಿ ಬಾಗಿಸಿ, ಆರುವವರೆಗೆ ಹಿಡಿದರೆ ಬಾಗು ನಿಲ್ಲುತ್ತದೆ. ಅಂಟನ್ನು ಎರಡೂ ಅಂಚುಗಳಿಗೆ ಸವರಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆಯೇ ಕೂಡಿಸಬೇಕು. ಈ ಎರಡು ಸ್ಥಿತಿಗಳಿಗೂ ನಾನು ‘ಹದ’ ಎಂಬ ಒಂದೇ ಪದವನ್ನು ಬಳಸಿದ್ದೇನೆ: ‘ಫೋಮು ಹದಕ್ಕೆ ಬಂದಾಗ’, ‘ಅಂಟು ಹದಕ್ಕೆ ಬಂದಾಗ’. ಬೆಲ್ಲದ ಪಾಕ ಕಾಸಿದವರಿಗೆ ಇದು ಹೇಳದೆಯೇ ತಿಳಿಯುತ್ತದೆ. ಆದರೆ ಒಂದು ಬಿಸಿಯಿಂದ ಬರುವ ಹದ, ಇನ್ನೊಂದು ಆರುವುದರಿಂದ ಬರುವ ಹದ. ಚಪ್ಪಲಿ ಹೊಲಿಯುವವರು, ಸೋಫಾ ಕೆಲಸದವರು, ಬಡಗಿಗಳು ಇದೇ ಬಗೆಯ ಅಂಟನ್ನು ದಿನವೂ ಬಳಸುವವರಾದ್ದರಿಂದ ಅಂಟಿನ ಈ ಸ್ಥಿತಿಗೆ ಅವರಲ್ಲಿ ಬೇರೆಯೇ ಮಾತು ಇರಬಹುದು. ನಿಮ್ಮ ಊರಿನಲ್ಲಿ ಅಂಥ ಮಾತನ್ನು ಕೇಳಿದ್ದರೆ, ಯಾವ ಕಸುಬಿನವರ ಬಾಯಲ್ಲಿ ಕೇಳಿದಿರೆಂಬುದನ್ನೂ ಸೇರಿಸಿ ದಯವಿಟ್ಟು ತಿಳಿಸಿ. ‘ತೆರೆನಿಷ್ಠ’ವನ್ನು ಕೈಪಿಡಿಯ ಹೆಸರಿನಲ್ಲಿ ಉಳಿಸಬೇಕೇ ಎಂಬುದನ್ನೂ ನಿಮ್ಮ ಅಭಿಪ್ರಾಯಗಳನ್ನು ನೋಡಿದ ಬಳಿಕವೇ ನಿರ್ಧರಿಸುತ್ತೇನೆ.